ವಾಪಸ್ ಹೋಗಿ ನೋಡಲಾಗದ ಯಂತ್ರ

ಬೆಳಿಗ್ಗೆ ಚಿನ್ನದಂಗಡಿಯ ಬಾಗಿಲು ತೆರೆದ ಮೇಲೆ ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್ ಮೊದಲು ನೋಡುವುದು ಗಿರಾಕಿಯ ಬಳೆಯನ್ನಲ್ಲ, ತನ್ನ ಜೊತೆಗೇ ಬಂದ ಒಂದು ಪುಟ್ಟ ಬಿಲ್ಲೆಯನ್ನು. ಆ ಬಿಲ್ಲೆಯಲ್ಲಿ ಯಾವ ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತು. ಗೊತ್ತಿರುವ ಉತ್ತರವನ್ನೇ ಯಂತ್ರ ಹೇಳಿದರೆ ಆ ದಿನದ ವ್ಯಾಪಾರ ಶುರು. ಬೇರೇನಾದರೂ ಹೇಳಿದರೆ ನನಗೆ ಫೋನು.

ಮಂಗಳೂರಿನಲ್ಲಿದ್ದುಕೊಂಡು ಈ ಯಂತ್ರಗಳ ಸರ್ವಿಸ್ ಮಾಡುವುದು ನನ್ನ ಹೊಟ್ಟೆಪಾಡು. ರಥಬೀದಿ, ಹಂಪನಕಟ್ಟೆಗೆಲ್ಲ ಸ್ಕೂಟರು. ಉಡುಪಿ, ಕುಂದಾಪುರ, ಪುತ್ತೂರಿಗೆ ಬಸ್ಸು. ಕೆಲವು ಶೇಟ್ರ ಅಂಗಡಿಯಲ್ಲಿ ಯಂತ್ರದ ಪಕ್ಕದಲ್ಲೇ ಒರೆಗಲ್ಲೂ ಇದೆ. ಯಂತ್ರ ಹೇಳಿದ್ದನ್ನು ಹಿರಿಯರು ಒರೆಗಲ್ಲಿಗೆ ಉಜ್ಜಿ ಇನ್ನೊಮ್ಮೆ ನೋಡುತ್ತಾರೆ. ನನಗೆ ಅದರಲ್ಲಿ ಬೇಸರವೇನಿಲ್ಲ. ನಾನೇ ಅಂಗಡಿ ಇಟ್ಟಿದ್ದರೂ ಹಾಗೇ ಮಾಡುತ್ತಿದ್ದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂದರೆ, ಒಳಗೆ ಒಂದು ಸಣ್ಣ ಎಕ್ಸ್‌ರೇ ಟ್ಯೂಬ್ ಇರುತ್ತದೆ. ಅದರ ಎಕ್ಸ್‌ರೇ ಒಡವೆಗೆ ಬಡಿದಾಗ ಒಡವೆಯ ಪ್ರತಿ ಲೋಹವೂ ತನ್ನದೇ ಶಕ್ತಿಯ ಎಕ್ಸ್‌ರೇಯನ್ನು ಹೊರಗೆ ಬಿಡುತ್ತದೆ. ತಾಮ್ರದ್ದು 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್. ಚಿನ್ನದ್ದು 9.71 ಮತ್ತು 11.44. ಬೆಳ್ಳಿಯದ್ದು 22.16. (ಈ ಉದ್ದದ ಹೆಸರನ್ನು ಬಾಯಲ್ಲಿ ಕೆಇವಿ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ.) ಯಾವ ಶಕ್ತಿಯದ್ದು ಎಷ್ಟು ಬಂತು ಎಂದು ಡಿಟೆಕ್ಟರ್ ಎಣಿಸುತ್ತದೆ. ಚೈನು 916 ಹೌದೋ ಅಲ್ಲವೋ ಎಂಬ ತೀರ್ಮಾನ ಈ ಎಣಿಕೆಯ ಮೇಲೆ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಬಾಹ್ಯಾಕಾಶಕ್ಕೆ ಹೋಗುವ ಒಂದು ಚಿಕ್ಕ ಎಕ್ಸ್‌ರೇ ಟೆಲಿಸ್ಕೋಪಿನ ತಂಡದಲ್ಲಿದ್ದಾಳೆ. ಹಾರುವ ಮೊದಲು ಅದನ್ನು ಕ್ಯಾಲಿಬ್ರೇಟ್ ಮಾಡುವ, ಅಂದರೆ ಗೊತ್ತಿರುವ ಉತ್ತರದ ಜೊತೆ ತಾಳೆ ನೋಡುವ ಗುಂಪು ಅವಳದ್ದು. ಚೌತಿಗೆ ಊರಿಗೆ ಬಂದಾಗ ಅವಳೇ ಮಾತು ತೆಗೆದಳು. "ಮಾಮ, ನೀವೂ ನಾನೂ ಮಾಡುವುದು ಒಂದೇ ಕೆಲಸ ಗೊತ್ತುಂಟಾ? ಡಿಟೆಕ್ಟರ್ ಕೂಡ ಹೆಚ್ಚು ಕಮ್ಮಿ ಅದೇ."

"ಹಾಗಾದರೆ ನಿನ್ನ ಸಂಬಳ ನನಗೆ ಯಾಕಿಲ್ಲ ಮಾರಾಯ್ತಿ?" ಅಂದೆ.

"ನಿಮಗೆ ನಾಳೆ ಪುನಃ ಹೋಗಿ ನೋಡ್ಲಿಕ್ಕೆ ಆಗ್ತದೆ. ನಮಗೆ ಆಗುವುದಿಲ್ಲ."

ಅವಳು ಅದನ್ನು ಸುಮ್ನೆ ಹೇಳಿದ್ದು. ಆದರೆ ನನ್ನಂಥವನಿಗೆ ಅದು ಸಣ್ಣ ಮಾತಲ್ಲ. ಸರ್ವಿಸ್ ಅಂದರೇ ಪುನಃ ಹೋಗುವುದು. ಯಂತ್ರ ಮಾರುವಾಗಲೇ ವರ್ಷಕ್ಕೆ ಇಷ್ಟು ವಿಸಿಟ್ ಎಂದು ಕಾಗದದಲ್ಲಿ ಬರೆದಿರುತ್ತದೆ. ಒಮ್ಮೆ ಮೇಲೆ ಹೋದ ನಂತರ ಯಾರೂ ಮುಟ್ಟಲಾಗದ ಯಂತ್ರವನ್ನು ಸಿದ್ಧ ಮಾಡುವುದು ಹೇಗೆ? ಅವತ್ತಿನಿಂದ ಅವಳು ಊರಿಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತಾ ಬಂದೆ. ಪುಸ್ತಕ, ಪ್ರಬಂಧ ಅಂತ ಏನೇನೋ ಕಳಿಸಿದಳು. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಲೆ ಕಳಿಸುವುದೇ ಯಾಕೆ ಎಂಬುದಕ್ಕೆ ಉತ್ತರ ಸುಲಭ. ನಕ್ಷತ್ರಗಳಿಂದ ಬರುವ ಎಕ್ಸ್‌ರೇಯನ್ನು ನಮ್ಮ ಗಾಳಿ ನುಂಗಿಬಿಡುತ್ತದೆ. 1 ಕೆಇವಿಯ ಎಕ್ಸ್‌ರೇ ನೆಲಮಟ್ಟದ ಗಾಳಿಯಲ್ಲಿ ಎರಡು ಮೂರು ಮಿಲಿಮೀಟರ್ ಹೋಗುವುದರಲ್ಲಿ ಮುಕ್ಕಾಲು ಪಾಲು ಸುಸ್ತು. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಾಕೋನಿ ಎಂಬ ವಿಜ್ಞಾನಿಯ ತಂಡ ರಾಕೆಟ್ಟಿನಲ್ಲಿ ಡಿಟೆಕ್ಟರ್ ಇಟ್ಟು ಹಾರಿಸಿದಾಗಲೇ ವೃಶ್ಚಿಕ ರಾಶಿಯ ಕಡೆಯಿಂದ ಬರುವ ಎಕ್ಸ್‌ರೇ ಮೊದಲ ಸಲ ಕಂಡದ್ದು. ನಮ್ಮ ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರ ಮುಂದಾಳತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದಲ್ಲೂ ಒಂದು ಎಕ್ಸ್‌ರೇ ಉಪಕರಣ ಇತ್ತು. ವಿದ್ಯುತ್ ತೊಂದರೆಯಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆಮೇಲೆ ಎಕ್ಸ್‌ರೇ ನೋಡುವ ನಮ್ಮ ದೇಶದ ಉಪಗ್ರಹ ಆಸ್ಟ್ರೋಸ್ಯಾಟ್ ಹೋದದ್ದು 2015ರ ಸೆಪ್ಟೆಂಬರ್ 28ರಂದು. ಅಂಥದ್ದೇ ಇನ್ನೊಂದು, ಎಕ್ಸ್‌ಪೋಸ್ಯಾಟ್, ಹೋದದ್ದು 2024ರ ಜನವರಿ 1ರಂದು. ರಾಯರ ಹೆಸರನ್ನೇ ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಎಕ್ಸ್‌ಪೋಸ್ಯಾಟಿನ ಎರಡು ಉಪಕರಣಗಳಲ್ಲಿ ಒಂದು ತಯಾರಾಯಿತು. ನಮ್ಮ ಕಡೆಯವರಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಅಲ್ವಾ?

ಈಗ ಚಿಕ್ಕ ಟೆಲಿಸ್ಕೋಪುಗಳ ಕಾಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರ ಹ್ಯಾಲೋಸ್ಯಾಟ್ ಸುಮಾರು 12 ಕಿಲೋ ತೂಕದ್ದು. ಉದ್ದ ಬರೀ ಮೂವತ್ತು ಸೆಂಟಿಮೀಟರ್. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಅದನ್ನು ಹೊರಬಿಟ್ಟರು. ಜಪಾನಿನ ನಿಂಜಾಸ್ಯಾಟ್ ಅಂಥದ್ದೇ ಅಳತೆಯದ್ದು, 2023ರ ನವೆಂಬರ್‌ನಲ್ಲಿ ಹೋಯಿತು. ಹ್ಯಾಲೋಸ್ಯಾಟಿನಲ್ಲಿ ಕನ್ನಡಿ ಕೂಡ ಇರಲಿಲ್ಲ, ಡಿಟೆಕ್ಟರುಗಳು ಮಾತ್ರ. ಅಷ್ಟರಲ್ಲೇ ನಮ್ಮ ಆಕಾಶಗಂಗೆಯ ಸುತ್ತ ಇರುವ ಬಿಸಿ ಅನಿಲ ಒಂದೇ ಸಮನಾಗಿ ಹರಡಿಲ್ಲ, ಅಲ್ಲಲ್ಲಿ ಗಟ್ಟಿಯಾಗಿದೆ ಎಂದು ತೋರಿಸಿಕೊಟ್ಟಿತು. "ಇಲ್ಲಿ ಸ್ವಲ್ಪ ಜಾಸ್ತಿ, ಅಲ್ಲಿ ಸ್ವಲ್ಪ ಕಮ್ಮಿ" ಎಂಬುದೇ ಅದು ಕಂಡುಹಿಡಿದ ಸಂಗತಿ. ಆ ಸ್ವಲ್ಪವನ್ನು ನಂಬಬೇಕಾದರೆ ಡಿಟೆಕ್ಟರ್ ತಾನಾಗಿ ಎಷ್ಟು ಹೆಚ್ಚು ಕಮ್ಮಿ ಮಾಡುತ್ತದೆ ಎಂದು ಮೊದಲು ಗೊತ್ತಿರಬೇಕು.

ಚಿಕ್ಕ ಟೆಲಿಸ್ಕೋಪಿಗೆ ಒಂದು ಕಷ್ಟ ಜಾಸ್ತಿ. ತಂಡ ಚಿಕ್ಕದು, ದುಡ್ಡು ಚಿಕ್ಕದು, ರಾಕೆಟ್ಟಿನ ದಿನಾಂಕ ಮಾತ್ರ ಬೇರೆಯವರ ಕೈಯಲ್ಲಿ. ಸರ್ಕ್ಯೂಟ್ ತಡವಾಯಿತು, ಪೆಟ್ಟಿಗೆ ತಡವಾಯಿತು, ಸಾಫ್ಟ್‌ವೇರ್ ತಡವಾಯಿತು. ಎಲ್ಲ ತಡಗಳನ್ನೂ ಕೊನೆಗೆ ನುಂಗಿಕೊಳ್ಳಬೇಕಾದ್ದು ಕ್ಯಾಲಿಬ್ರೇಶನ್, ಯಾಕೆಂದರೆ ಸಾಲಿನಲ್ಲಿ ಅದೇ ಕೊನೆ. ಮೂರು ತಿಂಗಳು ಅಂತ ಬರೆದಿಟ್ಟದ್ದು ಮೂರು ವಾರಕ್ಕೆ ಇಳಿಯಬಹುದು. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಂಗಡಿಯ ಉದ್ಘಾಟನೆಗೆ ಸ್ವಾಮೀಜಿ ಬರುವ ದಿನ ನಿಕ್ಕಿಯಾಗಿರುತ್ತದೆ, ಪೇಂಟಿನವನು ತಡ ಮಾಡಿದ್ದಕ್ಕೆ ನನಗೆ ಸಿಗುವುದು ಅರ್ಧ ದಿನ.

ಸರಿ, ಆ ಕೆಲಸ ಅಂದರೆ ಏನು? ಮೊದಲು ಶಕ್ತಿಯ ಲೆಕ್ಕ.

ಅವರ ಬಿಲ್ಲೆಯ ಹೆಸರು ಕಬ್ಬಿಣ-55. ಇದು ವಿಕಿರಣಶೀಲ ಕಬ್ಬಿಣ. ತಾನಾಗಿಯೇ ಮ್ಯಾಂಗನೀಸ್ ಆಗುತ್ತಾ ಹೋಗುತ್ತದೆ. ಹಾಗೆ ಆಗುವಾಗ ಮ್ಯಾಂಗನೀಸಿನ ಎಕ್ಸ್‌ರೇ ಬಿಡುತ್ತದೆ. 5.9 ಕೆಇವಿಯದ್ದು ಜೋರು, 6.49ರದ್ದು ಸ್ವಲ್ಪ ಮೆಲ್ಲಗೆ. ಕರೆಂಟ್ ಬೇಡ, ಟ್ಯೂಬ್ ಬೇಡ. ಬಿಸಿ ಮಾಡಿ, ತಣ್ಣಗಿಡಿ, ಅಲ್ಲಾಡಿಸಿ, ಆ ಸಂಖ್ಯೆ ಕದಲುವುದಿಲ್ಲ. ಪ್ರಪಂಚದ ಹೆಚ್ಚುಕಮ್ಮಿ ಎಲ್ಲ ಎಕ್ಸ್‌ರೇ ಲ್ಯಾಬುಗಳಲ್ಲೂ ಇದೇ ಬಿಲ್ಲೆ. ಆಸ್ಟ್ರೋಸ್ಯಾಟಿನ ಸಾಫ್ಟ್ ಎಕ್ಸ್‌ರೇ ಟೆಲಿಸ್ಕೋಪಿನ ಕ್ಯಾಮರಾದಲ್ಲಂತೂ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣ-55 ಚುಕ್ಕೆಗಳನ್ನು ಇಟ್ಟೇ ಕಳಿಸಿದರು.

ಈಗ ಡಿಟೆಕ್ಟರ್ ಕಡೆ ಬನ್ನಿ. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು ಸರಾಸರಿ 3.65 ಎಲೆಕ್ಟ್ರಾನ್ ವೋಲ್ಟ್ ಬೇಕು. ಕಬ್ಬಿಣ-55ರ ಒಂದು ಎಕ್ಸ್‌ರೇ ತರುವುದು 5,900. ಭಾಗಿಸಿ ನೋಡಿ, ಸುಮಾರು 1,600 ಎಲೆಕ್ಟ್ರಾನ್. ಅಷ್ಟೇ ಮಾರಾಯ್ರೆ. ಎಷ್ಟೋ ಸಾವಿರ ಬೆಳಕಿನ ವರ್ಷ ದೂರದಿಂದ ಬರುವ ಸುದ್ದಿ ಇಳಿದು ಕೂರುವುದು ಸಾವಿರದ ಆರುನೂರು ಎಲೆಕ್ಟ್ರಾನುಗಳ ಒಂದು ಚಿಟಿಕೆಯಲ್ಲಿ. ಅದನ್ನು ಒಂದೊಂದಾಗಿ ಅಳೆದು ಇದು 5.9, ಇದು 6.4 ಎಂದು ಬೇರೆ ಮಾಡಬೇಕು.

ಪ್ರತಿ ಸಲವೂ ಅಷ್ಟೇ ಸಂಖ್ಯೆ ಬಂದರೆ ಎಷ್ಟು ಚೆನ್ನಾಗಿತ್ತು. ಬರುವುದಿಲ್ಲ. ಪ್ರಕೃತಿಯೇ ಹದಿಮೂರು ಹದಿನಾಲ್ಕು ಎಲೆಕ್ಟ್ರಾನ್ ಹಿಂದೆ ಮುಂದೆ ಮಾಡುತ್ತದೆ. ಹೀಗಾಗಿ ಪರದೆಯ ಮೇಲೆ ನೆಟ್ಟಗೆ ಗೆರೆಯಾಗಿ ನಿಲ್ಲಬೇಕಾದ್ದು ಗುಡ್ಡವಾಗಿ ಕಾಣುತ್ತದೆ. ಎಷ್ಟೇ ಒಳ್ಳೆಯ ಸಿಲಿಕಾನ್ ತಂದರೂ 5.9 ಕೆಇವಿಯಲ್ಲಿ ಆ ಗುಡ್ಡದ ಅಗಲ ಸುಮಾರು 120 ಎಲೆಕ್ಟ್ರಾನ್ ವೋಲ್ಟಿಗಿಂತ ಕಮ್ಮಿಯಾಗುವುದಿಲ್ಲ. ಸರ್ಕ್ಯೂಟಿನ ಗದ್ದಲ ಸೇರಿ ಅದು ಇನ್ನೂ ಸ್ವಲ್ಪ ಅಗಲವಾಗುತ್ತದೆ. ಈ ಅಗಲವನ್ನು ಬರೆದಿಡದಿದ್ದರೆ ಮುಂದೆ ಯಾರಾದರೂ ನಕ್ಷತ್ರದ ಗೆರೆ ಅಗಲವಾಗಿದೆ ಎಂದು ನೋಡಿ, ಅಲ್ಲಿ ಅನಿಲ ವೇಗವಾಗಿ ಸುತ್ತುತ್ತಿದೆ ಎಂದು ಪ್ರಬಂಧ ಬರೆದಾರು. ಸುತ್ತಿದ್ದು ಅನಿಲವೋ ಸರ್ಕ್ಯೂಟೋ?

ಒಂದೇ ಬಿಲ್ಲೆ ಸಾಲುವುದಿಲ್ಲ. ಟ್ಯೂಬಿನ ಎಕ್ಸ್‌ರೇಯನ್ನು ಬೇರೆ ಬೇರೆ ಲೋಹದ ತಗಡಿಗೆ ಬಡಿಸಿ ಅದರಿಂದ ಬರುವುದನ್ನು ನೋಡುತ್ತಾರೆ. ಅಲ್ಯೂಮಿನಿಯಂ 1.49, ಟೈಟಾನಿಯಂ 4.51, ತಾಮ್ರ 8.05. ಇದೇ ಆಟವನ್ನು ನಾನು ದಿನಾ ಆಡುವುದು. ಒಂದು ವ್ಯತ್ಯಾಸ ಏನೆಂದರೆ ಅಲ್ಯೂಮಿನಿಯಂನ ಎಕ್ಸ್‌ರೇ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟುವಷ್ಟರಲ್ಲೇ ಬಹುಪಾಲು ಮುಗಿಯುತ್ತದೆ. ಹಾಗಾಗಿ ಎಲ್ಲವನ್ನೂ ನಿರ್ವಾತದ ಪೆಟ್ಟಿಗೆಯೊಳಗೆ ಇಡಬೇಕು. ಚಿನ್ನದ 9.71 ಗಾಳಿಯಲ್ಲಿ ಮೀಟರುಗಟ್ಟಲೆ ಹೋಗುತ್ತದೆ. ಇಲ್ಲದಿದ್ದರೆ ಪ್ರತಿ ಚಿನ್ನದಂಗಡಿಯಲ್ಲೂ ವ್ಯಾಕ್ಯೂಮ್ ಪಂಪ್ ಇಡಬೇಕಾಗುತ್ತಿತ್ತು.

ಆಮೇಲೆ ಉಷ್ಣತೆ. ರಾತ್ರಿ ಏಸಿ ಆರಿಸಿ ಹೋದ ಅಂಗಡಿಯಲ್ಲಿ ಬೆಳಿಗ್ಗೆ ಯಂತ್ರ ಬೇರೆಯೇ ಮಾತಾಡುತ್ತದೆ. ಅರ್ಧ ಗಂಟೆ ಏಸಿ ಹಾಕಿದ ಮೇಲೆ ದಾರಿಗೆ ಬರುತ್ತದೆ. ಸರ್ಕ್ಯೂಟ್ ಬಿಸಿಯಾದರೆ ಅದೇ 1,600 ಎಲೆಕ್ಟ್ರಾನಿಗೆ ಬೇರೆ ಸಂಖ್ಯೆ ಕೊಡುವುದೇ ಇದಕ್ಕೆ ಕಾರಣ. ಭೂಮಿಯ ಹತ್ತಿರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದೂವರೆ ಗಂಟೆಗೊಮ್ಮೆ ಹಗಲು ರಾತ್ರಿ. ಬಿಸಿಲಿಗೆ ಬರುತ್ತದೆ, ನೆರಳಿಗೆ ಹೋಗುತ್ತದೆ. ಅದಕ್ಕೇ ನಿರ್ವಾತದ ಪೆಟ್ಟಿಗೆಯಲ್ಲಿಟ್ಟು ಉಷ್ಣತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ, ಏರಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಕಬ್ಬಿಣ-55, ಪ್ರತಿ ಮೆಟ್ಟಿಲಲ್ಲೂ ತಗಡುಗಳು. ಗುಡ್ಡ ಎಲ್ಲಿ ನಿಂತಿತು, ಎಷ್ಟು ಅಗಲವಾಯಿತು, ಬರೆದುಕೋ. ಮುಂದಿನ ಮೆಟ್ಟಿಲು. ಅಕ್ಕನ ಮಗಳು ಇದನ್ನು ರಾತ್ರಿ ಪಾಳಿಯಲ್ಲಿ ಮಾಡಿದ್ದಾಳೆ. "ಬೋರ್ ಆಗುವುದಿಲ್ಲವಾ?" ಅಂದೆ. "ಬೋರ್ ಆದರೆ ಒಳ್ಳೆಯದು ಮಾಮ. ಬೋರ್ ಆಗದ ರಾತ್ರಿ ಅಂದರೆ ಏನೋ ಹಾಳಾಗಿದೆ ಅಂತ ಲೆಕ್ಕ" ಅಂದಳು.

"ಉಷ್ಣತೆಗೆ ಹೀಗೆ ಓಲಾಡುತ್ತದೆ ಎಂದು ಗೊತ್ತಾದ ಮೇಲೆ ಸರ್ಕ್ಯೂಟನ್ನೇ ಸರಿ ಮಾಡಬಾರದಾ?" ಎಂದೂ ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಓಲಾಡಲಿ ಬಿಡಿ, ಪ್ರತಿ ಸಲ ಒಂದೇ ರೀತಿ ಓಲಾಡಿದರೆ ಸಾಕು ಅಂದಳು. ಈ ಹಂತದಲ್ಲಿ ಸರ್ಕ್ಯೂಟಿಗೆ ಕೈ ಹಾಕಿದರೆ ಇಷ್ಟು ದಿನ ಅಳೆದದ್ದೆಲ್ಲ ವ್ಯರ್ಥ, ಮೊದಲಿನಿಂದ ಅಳೆಯಬೇಕು. ಯಂತ್ರದ ಓರೆಕೋರೆ ಏನಿದ್ದರೂ ಅದರ ಪೂರ್ತಿ ಜಾತಕ ನೆಲದ ಮೇಲೆ ಉಳಿಯಬೇಕು. ನಾವು ಸರ್ವಿಸಿನವರು ಸ್ಕ್ರೂಡ್ರೈವರ್ ಹಿಡಿದೇ ಯೋಚನೆ ಮಾಡುವವರು. ಸುಳ್ಳು ಹೇಳುವ ಯಂತ್ರವನ್ನು ತಿದ್ದುತ್ತೇವೆ. ಅವರು ಅದು ಹೇಳುವ ಸುಳ್ಳನ್ನೆಲ್ಲ ಪಟ್ಟಿ ಮಾಡಿ, ಅದನ್ನು ಹಾಗೇ ಮೇಲೆ ಕಳಿಸುತ್ತಾರೆ.

ಎರಡನೆಯ ಲೆಕ್ಕ ಇನ್ನೂ ಕಷ್ಟದ್ದು. ಬಂದ ಎಕ್ಸ್‌ರೇಯ ಶಕ್ತಿ ಎಷ್ಟು ಎಂದು ತಿಳಿಯಿತು, ಸರಿ. ನೂರು ಬಂದರೆ ಎಷ್ಟು ಸಿಕ್ಕಿತು? ಎಷ್ಟು ಕೈತಪ್ಪಿತು? ಇದನ್ನು ತಿಳಿಯಬೇಕಾದರೆ ನೂರು ಬಂತು ಎಂದು ಗೊತ್ತಿರುವ ಜಾಗ ಬೇಕು. ಇಂದೋರಿನಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ. ಬೇಕಾದ ಶಕ್ತಿಯ ಎಕ್ಸ್‌ರೇಯನ್ನು ಮಾತ್ರ ಆರಿಸಿ ಕೊಡುವ ಯಂತ್ರ. ಚಂದ್ರಯಾನ-2ರಲ್ಲಿ ಸೂರ್ಯನ ಎಕ್ಸ್‌ರೇ ನೋಡಲು ಹೋದ ಉಪಕರಣವನ್ನು ಅಲ್ಲಿ ಪರೀಕ್ಷೆ ಮಾಡಿದ್ದರು.

ಕನ್ನಡಿ ಇರುವ ಟೆಲಿಸ್ಕೋಪಾದರೆ ಇನ್ನೊಂದು ತಲೆನೋವು. ನಕ್ಷತ್ರ ಎಷ್ಟು ದೂರ ಅಂದರೆ ಅದರ ಕಿರಣಗಳು ಪಕ್ಕಾ ಸಮಾನಾಂತರವಾಗಿ ಬರುತ್ತವೆ. ಲ್ಯಾಬಿನ ಟ್ಯೂಬ್ ಹತ್ತಿರ ಇದೆ, ಅದರ ಕಿರಣ ಹರಡಿಕೊಂಡು ಬರುತ್ತದೆ. ಟ್ಯೂಬನ್ನು ನೂರು ಮೀಟರ್ ದೂರ ಇಟ್ಟರೂ ಹತ್ತು ಸೆಂಟಿಮೀಟರ್ ಕನ್ನಡಿಯ ಅಂಚಿಗೆ ಬೀಳುವ ಕಿರಣ ಒಂದು ಡಿಗ್ರಿಯ ಮೂವತ್ತೈದನೇ ಒಂದು ಭಾಗದಷ್ಟು ಓರೆ. ಅದಕ್ಕೇ ಜರ್ಮನಿಯ ಮ್ಯೂನಿಕ್ ಹತ್ತಿರದ ಪ್ಯಾಂಟರ್ ಎಂಬಲ್ಲಿ ನೂರು ಮೀಟರಿಗೂ ಉದ್ದದ ಗಾಳಿ ತೆಗೆದ ಕೊಳವೆ ಇದೆ. ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವುದು ಅರ್ಧ ಕಿಲೋಮೀಟರಿಗೂ ಉದ್ದ. ಅಮೆರಿಕದವರು ಬಾಹ್ಯಾಕಾಶಕ್ಕೆ ಕಳಿಸಿದ ದೊಡ್ಡ ಎಕ್ಸ್‌ರೇ ಟೆಲಿಸ್ಕೋಪು ಚಂದ್ರಾದ ಕನ್ನಡಿಯನ್ನು 1996-97ರ ಚಳಿಗಾಲದಲ್ಲಿ ಅಲ್ಲಿ ಇಟ್ಟು ಅಳೆದರು. ಅಳೆದಾಗ ಕನ್ನಡಿ ತನ್ನದೇ ಭಾರಕ್ಕೆ ಒಂಚೂರು ಬಾಗಿರುತ್ತದೆ. ಮೇಲೆ ಹೋದ ಮೇಲೆ ಭಾರವೇ ಇಲ್ಲ. ಹಾಗಾಗಿ ನೆಲದಲ್ಲಿ ಕಂಡ ಬಾಗನ್ನು ಲೆಕ್ಕ ಹಾಕಿ ಕಳೆಯಬೇಕು.

ಈ ಕನ್ನಡಿಗಳ ಕತೆ ಕೇಳಿ ನನಗೆ ನಗು ಬಂತು. ಎಕ್ಸ್‌ರೇ ಮಾಮೂಲು ಕನ್ನಡಿಗೆ ನೇರ ಬಡಿದರೆ ಒಳಗೇ ಹೋಗಿಬಿಡುತ್ತದೆ. ತೀರಾ ಓರೆಯಾಗಿ, ಒಂದು ಡಿಗ್ರಿಯ ಆಸುಪಾಸಿನಲ್ಲಿ ಸವರಿಕೊಂಡು ಹೋದರೆ ಮಾತ್ರ ಜಾರಿ ತಿರುಗುತ್ತದೆ. ಅದಕ್ಕೆ ಭಾರದ ಲೋಹದ ಲೇಪ ಬೇಕು. ಆಸ್ಟ್ರೋಸ್ಯಾಟಿನ ಸಾಫ್ಟ್ ಎಕ್ಸ್‌ರೇ ಟೆಲಿಸ್ಕೋಪಿಗೆ ಚಿನ್ನದ ಲೇಪ. ಚಂದ್ರಾಕ್ಕೆ ಇರಿಡಿಯಂ. ನಮ್ಮ ವ್ಯಾಪಾರದಲ್ಲಿ ಇರಿಡಿಯಂ ಎಂದರೆ ಬೈಗುಳ. ಚಿನ್ನಕ್ಕೆ ಕದ್ದು ಬೆರೆಸುವ ಪುಡಿ ಅದು. ಅದರ ಎಕ್ಸ್‌ರೇ 9.18, ಚಿನ್ನದ್ದು 9.71. ಅಗ್ಗದ ಕ್ಯಾರೆಟ್ ಮೀಟರಿನ ಅನಿಲ ತುಂಬಿದ ಡಿಟೆಕ್ಟರಿಗೆ ಇವೆರಡು ಒಂದೇ ಗುಡ್ಡವಾಗಿ ಕಾಣುತ್ತವೆ. ಸಿಲಿಕಾನಿನದ್ದಾದರೆ ಬೇರೆ ಬೇರೆ. ನಾವು ಯಾವ ಲೋಹವನ್ನು ಹಿಡಿಯಲು ಒದ್ದಾಡುತ್ತೇವೋ ಅದನ್ನೇ ಇವರು ಬೇಕೆಂದೇ ಬಳಿದು ಕಪ್ಪು ಕುಳಿ ನೋಡಲು ಕಳಿಸಿದ್ದಾರೆ.

ಚಿನ್ನ ಬಳಿದರೆ ಮುಗಿಯಲಿಲ್ಲ. 2.2 ಕೆಇವಿಯ ಹತ್ತಿರ ಚಿನ್ನದ ಗುಣ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಅಲ್ಲಿಂದ ಮೇಲೆ ಅದು ಎಕ್ಸ್‌ರೇಯನ್ನು ಜಾಸ್ತಿ ನುಂಗುತ್ತದೆ, ಕಮ್ಮಿ ತಿರುಗಿಸುತ್ತದೆ. ಟೆಲಿಸ್ಕೋಪಿನ ಗ್ರಾಫಿನಲ್ಲಿ ಅಲ್ಲೊಂದು ಹೊಂಡ. ಇದರ ಪಕ್ಕದಲ್ಲೇ, ಎರಡು ಎರಡೂವರೆ ಕೆಇವಿಯ ನಡುವೆ, ನಕ್ಷತ್ರಗಳ ಸಿಲಿಕಾನ್ ಮತ್ತು ಗಂಧಕದ ಗೆರೆಗಳೂ ಇವೆ. ಕನ್ನಡಿಯ ಹೊಂಡ ಎಲ್ಲಿ ಶುರು, ಎಷ್ಟು ಆಳ ಎಂದು ಕರಾರುವಾಕ್ಕಾಗಿ ಗೊತ್ತಿಲ್ಲದಿದ್ದರೆ ಸಿಡಿದ ನಕ್ಷತ್ರದಲ್ಲಿ ಗಂಧಕ ಎಷ್ಟು ಎಂಬ ಲೆಕ್ಕದಲ್ಲಿ ನಮ್ಮದೇ ಚಿನ್ನ ಸೇರಿಕೊಳ್ಳುತ್ತದೆ.

ನೀರಿನ ಪಸೆ ಮತ್ತು ಕೊಳೆಯ ಬಗ್ಗೆ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. ಜುಲೈಯಲ್ಲಿ ಯಂತ್ರದ ಕನೆಕ್ಟರಿನ ಮೇಲೆ ಹಸಿರು ಕಿಲುಬು ನೋಡುವುದು ನನಗೆ ಮಾಮೂಲು. ಎಕ್ಸ್‌ರೇ ಟೆಲಿಸ್ಕೋಪಿನ ಡಿಟೆಕ್ಟರಿನ ಮುಂದೆ ಒಂದು ಪರದೆ ಇರುತ್ತದೆ, ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಲೇಪ. ಮಾಮೂಲು ಬೆಳಕನ್ನು ತಡೆದು ಎಕ್ಸ್‌ರೇಯನ್ನು ಒಳಗೆ ಬಿಡುವ ಆ ಪರದೆ ಕೂದಲೆಳೆಗಿಂತ ನೂರಾರು ಪಟ್ಟು ತೆಳು. ಬೆರಳು ತಾಗಿದರೆ ಮುಗಿಯಿತು. ಹಾಗಾಗಿ ಕ್ಲೀನ್ ರೂಮು, ಒಣ ನೈಟ್ರೋಜನ್. ಇಷ್ಟೆಲ್ಲ ಜೋಪಾನ ಮಾಡಿ ಕೊನೆಗೆ ಒಯ್ಯುವುದು ಎಲ್ಲಿಗೆ? ಶ್ರೀಹರಿಕೋಟಾಕ್ಕೆ. ಅದೂ ಕಡಲ ದಂಡೆಯೇ.

ಮೇಲೆ ಹೋದ ಮೇಲೂ ಕೊಳೆ ಬಿಡುವುದಿಲ್ಲ. ಚಂದ್ರಾ ಟೆಲಿಸ್ಕೋಪಿನ ತಣ್ಣಗಿನ ಪರದೆಯ ಮೇಲೆ ಉಪಗ್ರಹದ ಒಳಗಿನಿಂದಲೇ ಬಂದ ಇಂಗಾಲದ ಪಸೆ ವರ್ಷ ವರ್ಷ ಕೂರುತ್ತಾ ಬಂತು. ಕಮ್ಮಿ ಶಕ್ತಿಯ ಎಕ್ಸ್‌ರೇಗಳನ್ನು ಅದು ನುಂಗುತ್ತದೆ. ಒರೆಸಲು ಯಾರೂ ಹೋಗುವಂತಿಲ್ಲ. ಎಷ್ಟು ದಪ್ಪವಾಯಿತು ಎಂದು ಅಳೆದು ಲೆಕ್ಕದಲ್ಲಿ ತಿದ್ದಿಕೊಳ್ಳುವುದೊಂದೇ ದಾರಿ.

ಚಂದ್ರಾದ್ದೇ ಇನ್ನೊಂದು ಕತೆ. 1999ರ ಜುಲೈಯಲ್ಲಿ ಹಾರಿ ಕೆಲವೇ ವಾರ ಆಗಿತ್ತು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯನ್ನು ದಾಟುವಾಗ ಕಮ್ಮಿ ಶಕ್ತಿಯ ಪ್ರೋಟಾನುಗಳು ಕನ್ನಡಿಯ ಮೇಲೇ ಜಾರಿಕೊಂಡು ಬಂದು ಕ್ಯಾಮರಾದ ಕೆಲವು ಚಿಪ್‌ಗಳನ್ನು ಕೆಡಿಸಿದವು. ಜೊತೆಯಲ್ಲಿ ಒಯ್ದಿದ್ದ ಕಬ್ಬಿಣ-55ರ ಗುಡ್ಡಗಳು ಅಗಲವಾಗಿ ಹರಡಿದ್ದರಲ್ಲಿ ಆ ಪೆಟ್ಟು ಕಾಣಿಸಿತು. ಆಮೇಲೆ ಆ ಪಟ್ಟಿ ಬಂದಾಗಲೆಲ್ಲ ಕ್ಯಾಮರಾವನ್ನು ಪಕ್ಕಕ್ಕೆ ಸರಿಸಿಡುವ ಕ್ರಮ ಬಂತು. ಕೆಟ್ಟದ್ದು ಕೆಟ್ಟಿತು, ಇನ್ನೂ ಕೆಡದಂತೆ ಉಳಿಯಿತು.

ಆದರೆ ಬಿಲ್ಲೆಗೂ ಆಯುಸ್ಸು ಇದೆ. ಕಬ್ಬಿಣ-55 ಸುಮಾರು 2.7 ವರ್ಷಕ್ಕೆ ಅರ್ಧವಾಗುತ್ತದೆ. ಇಪ್ಪತ್ತೈದು ವರ್ಷ ಕಳೆದರೆ ಒಂಬತ್ತು ಸಲ ಅರ್ಧ, ಅಂದರೆ ಉಳಿಯುವುದು ಐನೂರರಲ್ಲಿ ಒಂದು ಪಾಲು. ರಾಕೆಟ್ ಮೂರು ವರ್ಷ ತಡವಾದರೆ ಹಾರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಖರ್ಚು. ಬಿಲ್ಲೆ ಮಂಕಾದ ಮೇಲೆ ಆಕಾಶವೇ ಗತಿ. ಕ್ಯಾಸಿಯೋಪಿಯಾ ಎ ಎಂಬ ಸಿಡಿದ ನಕ್ಷತ್ರದ ಅವಶೇಷವನ್ನು ಚಂದ್ರಾದವರು ಮತ್ತೆ ಮತ್ತೆ ನೋಡಿ ತಾಳೆ ಹಾಕುತ್ತಾರೆ.

ಎಕ್ಸ್‌ರೇ ಖಗೋಳದವರಿಗೆ ಒಂದು ಹಳೆಯ ಒರೆಗಲ್ಲೂ ಇತ್ತು, ಏಡಿ ನೀಹಾರಿಕೆ. 1054ರಲ್ಲಿ ಸಿಡಿದದ್ದು ಎಂದು ಚೀನಾದವರು ಬರೆದಿಟ್ಟ ನಕ್ಷತ್ರದ ಅವಶೇಷ ಅದು. ಜೋರಾಗಿದೆ, ಯಾವಾಗಲೂ ಒಂದೇ ಸಮ ಇದೆ ಎಂದು ಎಲ್ಲರೂ ನಂಬಿದ್ದರು. ಎಷ್ಟರ ಮಟ್ಟಿಗೆ ಅಂದರೆ ಬೇರೆ ನಕ್ಷತ್ರಗಳ ಎಕ್ಸ್‌ರೇಯನ್ನು "ಇಷ್ಟು ಏಡಿ" ಎಂದೇ ಹೇಳುವುದು ವಾಡಿಕೆ. ಹೊಸ ಟೆಲಿಸ್ಕೋಪ್ ಹಾರಿದರೆ ಮೊದಲು ಏಡಿಯ ಕಡೆ ತಿರುಗಿಸುತ್ತಾರೆ. 2011ರಲ್ಲಿ ಒಂದು ಪ್ರಬಂಧ ಬಂತು. 2008ರಿಂದ ಎರಡು ವರ್ಷದಲ್ಲಿ ಏಡಿ ಶೇಕಡಾ 7ರಷ್ಟು ಮಂಕಾಗಿದೆ ಎಂದು. ಒಂದೇ ಟೆಲಿಸ್ಕೋಪ್ ಹೇಳಿದ್ದರೆ ಅದರ ಡಿಟೆಕ್ಟರ್ ಮುದಿಯಾಯಿತು ಅನ್ನುತ್ತಿದ್ದರು. ಬೇರೆ ಬೇರೆ ಉಪಗ್ರಹಗಳು ಒಟ್ಟಿಗೇ ಅದೇ ಇಳಿತವನ್ನು ಕಂಡಿದ್ದರಿಂದ ಒಪ್ಪಿದರು. ಈ ಪ್ರಸಂಗವೇ ನನಗೆ ಎಲ್ಲಕ್ಕಿಂತ ಇಷ್ಟ. ಎಷ್ಟು ಜನ ಎಷ್ಟು ವರ್ಷ ತಮ್ಮ ಯಂತ್ರವನ್ನೇ ಸಂಶಯಪಟ್ಟು ಏಡಿಗೆ ತಕ್ಕಂತೆ ತಿದ್ದಿಕೊಂಡಿರಬಹುದು!

ನಮ್ಮಲ್ಲಿ ಜಗಳ ಬಂದರೆ ಒಂದು ಕೊನೆಯ ಮಾತಿದೆ. ಒಂದೇ ಸರಕ್ಕೆ ಒಂದು ಅಂಗಡಿಯ ಯಂತ್ರ 91.8 ಅನ್ನುತ್ತದೆ, ಇನ್ನೊಂದರದ್ದು 91.2. ನಮ್ಮ ಯಂತ್ರ ನೋಡುವುದು ಮೇಲಿನ ಹತ್ತು ಮೈಕ್ರಾನ್ ಆಸುಪಾಸಿನ ಪದರವನ್ನು ಮಾತ್ರ. ತೀರಾ ಸಂಶಯ ಬಂದರೆ ಹಾಲ್‌ಮಾರ್ಕ್ ಸೆಂಟರಿನಲ್ಲಿ ಚೂರು ಕತ್ತರಿಸಿ, ಕರಗಿಸಿ, ಬೇರೆ ಲೋಹವನ್ನೆಲ್ಲ ತೆಗೆದು ಉಳಿದ ಚಿನ್ನವನ್ನು ತೂಗಿ ನೋಡುತ್ತಾರೆ. ಬೆಂಕಿ ಹೇಳಿದ ಮೇಲೆ ಯಾರೂ ಮಾತಾಡುವುದಿಲ್ಲ. ಆಕಾಶದಲ್ಲಿ ಆ ಬೆಂಕಿ ಇಲ್ಲ. 1999ರಲ್ಲೇ ಹಾರಿದ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಮತ್ತು ಚಂದ್ರಾ ಒಂದೇ ಗ್ಯಾಲಕ್ಸಿ ಗುಂಪಿನ ಬಿಸಿ ಅನಿಲವನ್ನು ನೋಡಿ ಬೇರೆ ಬೇರೆ ಉಷ್ಣತೆ ಹೇಳುತ್ತವೆ. ತುಂಬಾ ಬಿಸಿಯಾದ ಗುಂಪುಗಳಲ್ಲಿ ವ್ಯತ್ಯಾಸ ಶೇಕಡಾ ಹತ್ತಕ್ಕೂ ಹೆಚ್ಚು. ಆ ಉಷ್ಣತೆಯಿಂದಲೇ ಗುಂಪಿನ ತೂಕದ ಲೆಕ್ಕ. ತೂಕದಿಂದ ಬ್ರಹ್ಮಾಂಡದಲ್ಲಿ ಕಾಣದ ದ್ರವ್ಯ ಎಷ್ಟು ಎಂಬ ಲೆಕ್ಕ. ಕೆಳಗಿನ ಕಲ್ಲು ಅಲ್ಲಾಡಿದರೆ ಮೇಲಿನದ್ದೂ ಅಲ್ಲಾಡುತ್ತದೆ. ಇದಕ್ಕಾಗಿ ಬೇರೆ ಬೇರೆ ಟೆಲಿಸ್ಕೋಪುಗಳ ಕ್ಯಾಲಿಬ್ರೇಶನ್‌ನವರು 2006ರಿಂದ ಒಟ್ಟು ಸೇರಿ ತಾಳೆ ನೋಡುತ್ತಿದ್ದಾರೆ. ಪೇಪರಿನಲ್ಲಿ ಫೋಟೋ ಬರುವುದು ಕಪ್ಪು ಕುಳಿಯದ್ದು. ಯಂತ್ರಗಳ ಈ ಕ್ಯಾಲಿಬ್ರೇಶನ್ ಕೋಷ್ಟಕ ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಹೇಳಲು ಮರೆತೆ, ಏನೂ ಇಲ್ಲದಿರುವುದನ್ನೂ ಅಳೆಯಬೇಕಂತೆ. ಎಕ್ಸ್‌ಪೋಸ್ಯಾಟ್ ಎಕ್ಸ್‌ರೇಯ ಧ್ರುವೀಕರಣ ನೋಡಲು ಹೋದದ್ದು, ಅಂದರೆ ಅಲೆಗಳು ಯಾವ ದಿಕ್ಕಿಗೆ ವಾಲಿ ಅಲ್ಲಾಡುತ್ತವೆ ಎಂಬುದನ್ನು. ಅಂಥ ಉಪಕರಣಕ್ಕೆ ಯಾವ ದಿಕ್ಕಿಗೂ ವಾಲದ ಎಕ್ಸ್‌ರೇ ತೋರಿಸಿ "ಸೊನ್ನೆ" ಎಂದು ಹೇಳುತ್ತದೋ ಎಂದು ನೋಡಬೇಕು. ಸೊನ್ನೆ ಹೇಳದೆ ಒಂದೋ ಎರಡೋ ಹೇಳಿದರೆ ಆ ಒಂದು ಎರಡು ಯಂತ್ರದ್ದೇ. ಲಕ್ಷಗಟ್ಟಲೆ ಎಕ್ಸ್‌ರೇ ಎಣಿಸಿದ ಮೇಲೆಯೇ ಆ ಸೊನ್ನೆಯನ್ನು ನಂಬಬಹುದು. ತಾಳ್ಮೆಯ ಕೆಲಸ.

ಅಕ್ಕನ ಮಗಳ ಟೆಲಿಸ್ಕೋಪ್ ಈಗ ಅಲುಗಾಟದ ಪರೀಕ್ಷೆಗೆ ಹೋಗಬೇಕು. ರಾಕೆಟ್ ಏರುವಾಗ ಹೇಗೆ ನಡುಗುತ್ತದೋ ಹಾಗೆ ಮೇಜಿನ ಮೇಲೆ ಬಿಗಿದು ನಡುಗಿಸುತ್ತಾರೆ. ನಡುಗಿಸಿದ ಮೇಲೆ ಪುನಃ ಕಬ್ಬಿಣ-55. ಗುಡ್ಡ ಮೊದಲಿದ್ದಲ್ಲೇ ನಿಂತಿದ್ದರೆ ಪೆಟ್ಟಿಗೆ ಕಟ್ಟುವುದು. ನಿಂತಿಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವಳು ಮಾತು ಬದಲಿಸಿ ಪತ್ರೊಡೆ ಇನ್ನೂ ಇದೆಯಾ ಎಂದು ಅಮ್ಮನನ್ನು ಕೇಳಿದಳು.

ಒಂದು ಸಂಗತಿ ಮಾತ್ರ ನನಗೆ ಸಮಾಧಾನ ಕೊಟ್ಟಿತು. ಹಾರುವ ಡಿಟೆಕ್ಟರಿನ ಜೊತೆಗೇ ಅದೇ ಕಂಪನಿಯ, ಅದೇ ಸರ್ಕ್ಯೂಟಿನ ಇನ್ನೊಂದನ್ನು ಕಟ್ಟಿದ್ದಾರೆ. ಅದು ಹೋಗುವುದಿಲ್ಲ. ಲ್ಯಾಬಿನಲ್ಲೇ ಪಸೆ ತಾಗದ ಪೆಟ್ಟಿಗೆಯಲ್ಲಿ ಇರುತ್ತದೆ. ಮೇಲಿನದ್ದು ಎರಡು ವರ್ಷದ ನಂತರ ಏನಾದರೂ ವಿಚಿತ್ರ ಹೇಳಿದರೆ ಕೆಳಗಿನದ್ದನ್ನು ಅದೇ ಉಷ್ಣತೆಗೆ ಇಳಿಸಿ, ಅದೇ ವೋಲ್ಟೇಜ್ ಕೊಟ್ಟು, ಇದೂ ಹಾಗೇ ಹೇಳುತ್ತದೋ ಎಂದು ನೋಡಬಹುದು. ಅಷ್ಟರ ಮಟ್ಟಿಗೆ ಅವರಿಗೂ ಒಂದು ವಿಸಿಟ್ ಇದೆ. ವರ್ಷಕ್ಕೊಮ್ಮೆ ಅದನ್ನು ಹೊರಗೆ ತೆಗೆದು ಕಬ್ಬಿಣ-55 ತೋರಿಸಿ ವಾಪಸ್ ಇಡುವ ಕೆಲಸಕ್ಕೆ ಹೊರಗಿನವರನ್ನು ಸೇರಿಸುತ್ತೀರಾ ಎಂದು ಕೇಳಿದೆ. ಬಸ್ ಚಾರ್ಜ್ ಕೊಟ್ಟರೆ ಸಾಕು ಎಂದೂ ಹೇಳಿದೆ. ಇನ್ನೂ ಉತ್ತರ ಬಂದಿಲ್ಲ.